ಗ್ರೆಗರಿಯ ಹಿತ್ತಾಳೆ ವಾಲ್ವ್

ಉಡುಪಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಾರು ರಿಪೇರಿ ಮಾಡಿ ಈಗ ಕೈ ತೊಳೆದು ಕುಳಿತಿದ್ದೇನೆ. ತೊಳೆದದ್ದು ಮಾತಿಗೆ ಮಾತ್ರ. ಉಗುರಿನ ಸಂದಿಯ ಕಪ್ಪು ಸೀಮೆಎಣ್ಣೆಗೂ ಹೋಗಲಿಲ್ಲ, ಸಾಬೂನಿಗೂ ಹೋಗಲಿಲ್ಲ. ನೆಂಟರು ಬಂದ ದಿನ ಹೆಂಡತಿ ಈಗಲೂ ನನಗೊಬ್ಬನಿಗೆ ಚಮಚ ಇಡುತ್ತಾಳೆ. ಹೊಸತಾಗಿ ಈ ಕೆಲಸಕ್ಕೆ ಬರುವವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಮೆಕ್ಯಾನಿಕರ ಸಂಘದವರು ಕೇಳಿದಾಗ ಬಾನೆಟ್ಟಿನ ಒಳಗಿನ ವಿದ್ಯೆಯನ್ನೇ ಬರೆಯೋಣವೆಂದು ಕುಳಿತೆ. ಆದರೆ ನಾನು ಬಿಚ್ಚಿ ಜೋಡಿಸಿದ ಕಾರ್ಬುರೇಟರ್ ಈಗಿನ ಗಾಡಿಗಳಲ್ಲಿ ಇಲ್ಲವೇ ಇಲ್ಲ. ಅದನ್ನು ವಿವರಿಸಿ ಯಾರಿಗೆ ಏನು ಪ್ರಯೋಜನ? ಹಾಗಾಗಿ ಎಷ್ಟು ಕಾಲವಾದರೂ ಹಳತಾಗದ ಒಂದು ತಪ್ಪಿನ ಬಗ್ಗೆ ಬರೆಯುತ್ತೇನೆ. ತಪ್ಪು ನನ್ನದು. ಅದರ ಫಲ ಉಂಡವನು ಶಿರ್ವದ ಟ್ಯಾಕ್ಸಿ ಡ್ರೈವರ್ ಗ್ರೆಗರಿ, ನನ್ನ ಗೆಳೆಯ.

ನನಗೆ ಕೆಲಸ ಕಲಿಸಿದವರು ಲೋಕಯ್ಯ ಮೇಸ್ತ್ರಿ. ಅಂಬಲಪಾಡಿಯ ಅಡ್ಡರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು, ಅದರೊಳಗೆ ಗಾಡಿಯ ಅಡಿಗೆ ಇಳಿದು ಕೆಲಸ ಮಾಡಲು ಒಂದು ಹೊಂಡ, ಹೊಂಡದ ಮೇಲೆ ಯಾವಾಗಲೂ ಒಂದು ಅಂಬಾಸಿಡರ್. ಮಾತು ಕಡಿಮೆ, ಕೈ ಮುಂದು. ಪ್ಲಗ್ ಅಡ್ಡಾದಿಡ್ಡಿ ತಿರುಗಿಸಿದರೆ ನೆತ್ತಿಯ ಮೇಲೆ ಮೊಟಕುತ್ತಿದ್ದರು. ಅವರದೊಂದು ಕಟ್ಟುನಿಟ್ಟು ಇತ್ತು. ಗಾಡಿ ಯಾವ ಕೆಲಸಕ್ಕೆ ಬಂದಿರಲಿ, ಮೊದಲು ಪ್ಲಗ್ ತಿಕ್ಕಿ, ಪಾಯಿಂಟಿನ ಅಂತರ ನೋಡಿ, ಟ್ಯಾಪೆಟ್ ಸರಿಮಾಡಿ, ಕಾರ್ಬುರೇಟರ್ ತೊಳೆದು, ಎಂಜಿನ್ ಒಂದೇ ಸ್ವರದಲ್ಲಿ ಓಡಿದ ಮೇಲೆಯೇ ಹೊಸ ಸಾಮಾನು ಕೂರಿಸಬೇಕು. ಹಾರನ್ ಹಾಕಿಸಲು ಬಂದವನ ಗಾಡಿಗೂ ಇದೇ ಉಪಚಾರ. "ತೊಳೆಯದ ಪಾತ್ರೆಗೆ ಅಕ್ಕಿ ಹಾಕಬೇಡ" ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಶೆಡ್ಡು ನನ್ನ ಕೈಗೆ ಬಂತು, ಜೊತೆಗೆ ಈ ಅಭ್ಯಾಸವೂ ಬಂತು. ಅಭ್ಯಾಸ ಒಳ್ಳೆಯದೇ. ಆದರೆ ನನ್ನನ್ನು ಕೆಡಿಸಿದ್ದೂ ಅದೇ.

ಎಪ್ಪತ್ತರ ದಶಕದ ನಡುವೆ ಪೆಟ್ರೋಲಿನ ಬೆಲೆ ಏರಿತು ನೋಡಿ, ಊರಿನವರೆಲ್ಲ ವಿಜ್ಞಾನಿಗಳಾದರು. ಮಣಿಪಾಲದಿಂದ ಇಂದ್ರಾಳಿಗೆ ಇಳಿಯುವ ಟ್ಯಾಕ್ಸಿಗಳು ಎಂಜಿನ್ ಬಂದ್ ಮಾಡಿ, ಗೇರ್ ತೆಗೆದು, ಸದ್ದಿಲ್ಲದೆ ಉರುಳಿ ಬರುತ್ತಿದ್ದವು. ರಸ್ತೆ ದಾಟುವ ಅಜ್ಜಿಯರು ಬೆಚ್ಚಿಬಿದ್ದು ಶಾಪ ಹಾಕುತ್ತಿದ್ದರು. ಬ್ಯಾಂಕಿನ ಅಧಿಕಾರಿಯೊಬ್ಬರು ಯಾರದೋ ಮಾತು ಕೇಳಿ ಪೆಟ್ರೋಲ್ ಟ್ಯಾಂಕಿಗೆ ನುಸಿಗುಳಿಗೆ ಹಾಕಿದರು, ಕಪಾಟಿನಲ್ಲಿ ರೇಷ್ಮೆ ಸೀರೆಯ ನಡುವೆ ಇಡುತ್ತೇವಲ್ಲ, ಅದೇ ಬಿಳಿ ಗುಳಿಗೆ. ಎರಡು ವಾರ ಗಾಡಿ ಗಾಳಿಯಂತೆ ಓಡಿತಂತೆ. ಮೂರನೆಯ ವಾರ ಕಲ್ಸಂಕದ ಹತ್ತಿರ ನಿಂತುಬಿಟ್ಟಿತು. ಕಾರ್ಬುರೇಟರ್ ಬಿಚ್ಚಿದರೆ ಸಣ್ಣ ತೂತುಗಳಲ್ಲೆಲ್ಲ ಬಿಳಿ ಹುಡಿ ಕಟ್ಟಿತ್ತು. "ಸಾರ್, ಇನ್ನು ಹತ್ತು ವರ್ಷ ನಿಮ್ಮ ಗಾಡಿಗೆ ನುಸಿ ಬರುವುದಿಲ್ಲ" ಎಂದೆ. ಅವರು ನಗಲಿಲ್ಲ. ಮತ್ತೆ ನನ್ನ ಶೆಡ್ಡಿಗೆ ಬರಲೂ ಇಲ್ಲ.

ಮಣಿಪಾಲದಲ್ಲಿ ಪಾಠ ಹೇಳುತ್ತಿದ್ದ ಪ್ರೊಫೆಸರರೊಬ್ಬರು ಬೇರೆ ತರಹದವರು. ಅವರಿಗೆ ಯಾರೋ ಅಯಸ್ಕಾಂತದ ಡಬ್ಬಿಯೊಂದನ್ನು ಉಡುಗೊರೆ ಕೊಟ್ಟಿದ್ದರು. ಪೆಟ್ರೋಲ್ ಪೈಪಿಗೆ ಕಟ್ಟಿದರೆ ಪೆಟ್ರೋಲ್ ಉಳಿಯುತ್ತದಂತೆ. ನನ್ನಿಂದ ಕಟ್ಟಿಸಿದರು, ದಿನದಿನದ ಓಟವನ್ನು ಬರೆದಿಡಲು ಡ್ರೈವರನಿಗೆ ಒಂದು ಪುಸ್ತಕ ಕೊಟ್ಟರು. ತಿಂಗಳ ಕೊನೆಗೆ ನೋಡಿದರೆ ಮೈಲೇಜ್ ನಿಜವಾಗಿಯೂ ಸ್ವಲ್ಪ ಏರಿತ್ತು. ನನಗೆ ಆಶ್ಚರ್ಯ. ಆಮೇಲೆ ಡ್ರೈವರನಿಗೆ ತಿಳಿಯದಂತೆ ಡಬ್ಬಿಯೊಳಗಿನ ಅಯಸ್ಕಾಂತವನ್ನು ತೆಗೆಸಿದರು. ಖಾಲಿ ಡಬ್ಬಿ ಹಾಗೆಯೇ ಇತ್ತು. ಮರು ತಿಂಗಳೂ ಅಷ್ಟೇ ಮೈಲೇಜ್ ಬಂತು!

"ಅಯಸ್ಕಾಂತ ಇದ್ದದ್ದು ಡ್ರೈವರನ ಕಾಲಿನಲ್ಲಿ, ಮೇಸ್ತ್ರಿಗಳೇ" ಎಂದು ಅವರು ನಕ್ಕರು. "ಯಾರೋ ಅಳೆಯುತ್ತಿದ್ದಾರೆ ಎಂದು ಗೊತ್ತಾದರೆ ಕಾಲು ಮೆತ್ತಗಾಗುತ್ತದೆ. ಏನನ್ನಾದರೂ ಪರೀಕ್ಷೆ ಮಾಡುವುದಾದರೆ ಒಮ್ಮೆಗೆ ಒಂದನ್ನೇ ಬದಲಾಯಿಸಿ. ಎರಡು ಬದಲಾಯಿಸಿದಿರೋ, ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯುವುದಿಲ್ಲ."

ನಾನು ದೊಡ್ಡದಾಗಿ ತಲೆಯಾಡಿಸಿದೆ. ಬಂದ ಗಿರಾಕಿಗಳಿಗೆಲ್ಲ ಈ ಕಥೆ ಹೇಳಿ ಜಾಣನೆನಿಸಿಕೊಂಡೆ. ಆದರೆ ಸ್ವಂತದ ಸರದಿ ಬಂದಾಗ ಅದು ನೆನಪಾಗಲಿಲ್ಲ. ನೆನಪಾಗಲಿಲ್ಲ ಎನ್ನುವುದೂ ಸುಳ್ಳು. ನೆನಪಾಯಿತು, ನಾನೇ ಬದಿಗೆ ಸರಿಸಿದೆ.

ಗ್ರೆಗರಿ ಶಿರ್ವದ ಇಗರ್ಜಿಯ ಎದುರು ಟ್ಯಾಕ್ಸಿ ನಿಲ್ಲಿಸುತ್ತಿದ್ದ. ಕಪ್ಪು ಅಂಬಾಸಿಡರ್, ಹಳದಿ ತಲೆ. ಹದಿನೈದು ವರ್ಷ ಅದರ ಎಂಜಿನ್ನಿಗೆ ನನ್ನದಲ್ಲದೆ ಬೇರೆ ಕೈ ತಾಗಲಿಲ್ಲ. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವರಾದ ನಾವು ಕ್ರೈಸ್ತರನ್ನು ಕರೆಯುವ ಹಾಗೆ ನಾನು ಅವನನ್ನು ಪೊರ್ಬು ಎನ್ನುತ್ತಿದ್ದೆ, ಅವನು ನನ್ನನ್ನು ಸಂಜೀವ ಎಂದು ಹೆಸರು ಹಿಡಿದೇ ಕರೆಯುತ್ತಿದ್ದ. ಶಿರ್ವದಲ್ಲಿ ಯಾರ ಮನೆಯಲ್ಲಿ ಹೆರಿಗೆ ನೋವು ಬಂದರೂ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುವವನು ಅವನೇ. "ನಾನು ಓಡಿಸಿದರೆ ದಾರಿಯಲ್ಲಿ ಹೆರಿಗೆ ಆಗುವುದಿಲ್ಲ, ಮಗು ಕೂಡಾ ಕಾಯ್ತದೆ" ಎಂದು ಜಂಬ ಕೊಚ್ಚುತ್ತಿದ್ದ. ಅವನ ಬಳಿ ಆಸ್ತಿ ಎಂದು ಹೇಳುವಂಥದ್ದು ಎರಡೇ. ಒಂದು ಆ ಗಾಡಿ. ಇನ್ನೊಂದು, ಗ್ರೆಗರಿ ಸುಳ್ಳು ಹೇಳುವುದಿಲ್ಲ ಎಂಬ ಹೆಸರು. ಶಿರ್ವದಲ್ಲಿ ಯಾರಾದರೂ ಜಗಳ ಮಾಡಿಕೊಂಡರೆ "ಗ್ರೆಗರಿ ನೋಡಿದ್ದಾನಾ? ಅವನು ಹೇಳಿದರೆ ಸರಿ" ಎನ್ನುತ್ತಿದ್ದರು.

ಆ ಗಾಡಿಯ ಸೀಟಿನಲ್ಲಿ ಕುಳಿತು ಕುಳಿತು ಅವನ ಸೊಂಟ ಹೋಯಿತು. ಡ್ರೈವಿಂಗ್ ಬಿಡಬೇಕು, ಇಲ್ಲವಾದರೆ ನಡೆಯುವುದೂ ಕಷ್ಟವಾದೀತು ಎಂದು ಡಾಕ್ಟರರು ಹೇಳಿದರು. ಬಿಟ್ಟು ಏನು ಮಾಡುವುದೆಂದು ಅವನಿಗೆ ತೋಚಲಿಲ್ಲ. ಹಾಗಿರುವಾಗ ಬೊಂಬಾಯಿಯಿಂದ ಬಂದ ಅವನ ಸಂಬಂಧಿಯೊಬ್ಬ ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ವಾಲ್ವ್ ಒಂದನ್ನು ತಂದುಕೊಟ್ಟ. ಎಂಜಿನ್ನಿಗೆ ಪೆಟ್ರೋಲ್ ಹೋಗುವ ದಾರಿಯಲ್ಲಿ ಕೂರಿಸಿದರೆ ಹೊರಗಿನಿಂದ ಇನ್ನಷ್ಟು ಗಾಳಿ ಎಳೆಯುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂದು ಅದರ ಲೆಕ್ಕ. ಎಷ್ಟು ಗಾಳಿ ಬಿಡಬೇಕೆಂದು ತಿರುಗಿಸಲು ತಲೆಯಲ್ಲಿ ಒಂದು ಸ್ಕ್ರೂ ಇತ್ತು.

ನಾನು ನೋಡಿ ನಕ್ಕುಬಿಟ್ಟೆ.

"ಎಂತ ಮಾರಾಯ, ನಗುವುದು ಎಂತಕ್ಕೆ?" ಎಂದ ಗ್ರೆಗರಿ.

"ಗಾಳಿ ಎಷ್ಟು ಬೇಕೆಂದು ಗಾಡಿ ಮಾಡಿದವರಿಗೆ ಗೊತ್ತಿಲ್ವಾ? ಗಾಳಿ ಹೆಚ್ಚಾದರೆ ಎಂಜಿನ್ ಕಾಯ್ತದೆ, ಒಳಗಿನ ವಾಲ್ವ್ ಸುಡ್ತದೆ. ಇದನ್ನು ಬಾವಿಗೆ ಬಿಸಾಡು."

"ಒಮ್ಮೆ ಹಾಕಿ ನೋಡುವಾ. ನನಗೋಸ್ಕರ."

ಅವನು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಇಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ. ಗುರುಗಳ ಕ್ರಮದಂತೆ ಮೊದಲು ಅರ್ಧ ದಿನ ಎಂಜಿನ್ ತೊಳೆದು ಶ್ರುತಿ ಮಾಡಿದೆ. ಆಮೇಲೆ ವಾಲ್ವ್ ಕೂರಿಸಿದೆ. ಅವನು ಚಹಾ ಕುಡಿಯಲು ಹೋದಾಗ ಸ್ಕ್ರೂ ಡ್ರೈವರ್ ತೆಗೆದುಕೊಂಡು ಅದರ ಸ್ಕ್ರೂವನ್ನು ಪೂರ್ತಿ ಮುಚ್ಚಿಬಿಟ್ಟೆ. ಒಂದು ಎಳೆ ಗಾಳಿಯೂ ಒಳಗೆ ಹೋಗದ ಹಾಗೆ. ಅವನ ಮನಸ್ಸೂ ನೋಯುವುದಿಲ್ಲ, ಎಂಜಿನ್ನೂ ಸುಡುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಹತ್ತು ದಿನ ಬಿಟ್ಟು ಗ್ರೆಗರಿ ಕುಣಿಯುತ್ತಾ ಬಂದ. ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚು ಓಡುತ್ತಿದೆಯಂತೆ. ಓಡದೆ ಏನು, ಗಲೀಜು ಹಿಡಿದ ಎಂಜಿನ್ ತೊಳೆದರೆ ಓಡುತ್ತದೆ.

"ಅದು ವಾಲ್ವಿನಿಂದ ಅಲ್ಲ ಪೊರ್ಬು, ನಾನು ಎಂಜಿನ್ ತೊಳೆದದ್ದರಿಂದ" ಎಂದೆ, ನಗುತ್ತಾ.

"ನಿನಗೆ ಹೊಟ್ಟೆಕಿಚ್ಚು ಮಾರಾಯ!" ಎಂದು ಅವನೂ ನಕ್ಕ.

ಸ್ಕ್ರೂ ಮುಚ್ಚಿದ ಸಂಗತಿಯನ್ನು ಆಗ ಹೇಳಬೇಕಿತ್ತು. ಬಾಯಿಯ ತನಕ ಬಂತು. ಅವನ ಮುಖ ನೋಡಿ ನಾಳೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಸುದ್ದಿ ಹಬ್ಬಿತು. ಶಿರ್ವದವರು, ಕಾಪುವಿನವರು ಒಬ್ಬೊಬ್ಬರೇ ವಾಲ್ವ್ ತರಿಸಿಕೊಂಡು ನನ್ನ ಶೆಡ್ಡಿಗೇ ಬಂದರು. ಸಂಜೀವ ಮೇಸ್ತ್ರಿ ಕೂರಿಸಿದರೆ ಮಾತ್ರ ಅದು ಹಿಡಿಯುತ್ತದೆ ಎಂದು ಮಾತು ಬೇರೆ. ನಾನು ಪ್ರತಿ ಗಾಡಿಯನ್ನೂ ತೊಳೆದೆ, ವಾಲ್ವ್ ಕೂರಿಸಿದೆ, ಸ್ಕ್ರೂ ಮುಚ್ಚಿದೆ. ಎಲ್ಲರಿಗೂ ಮೈಲೇಜ್ ಬಂತು. ಆ ಸಾಮಾನಿನ ಮೇಲೆ ಕವಡೆಯಷ್ಟು ನಂಬಿಕೆ ಇಲ್ಲದವನೇ ಊರಿಗೆಲ್ಲ ಅದರ ಮೇಲೆ ನಂಬಿಕೆ ಹುಟ್ಟಿಸಿದೆ. ಹೊಗಳಿಕೆ ಯಾರಿಗೆ ಬೇಡ? ನನಗೂ ಬೇಕಿತ್ತು.

ಗ್ರೆಗರಿ ಆ ವಾಲ್ವಿನ ಏಜೆನ್ಸಿ ಹಿಡಿದ. ಟ್ಯಾಕ್ಸಿಯನ್ನು ಶಿರ್ವದ ಇನ್ನೊಬ್ಬ ಡ್ರೈವರನಿಗೆ ಮಾರಿ ಕಾರ್ಕಳದ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದು ಅಂಗಡಿ ಇಟ್ಟ. ಇನ್ನು ಸೀಟಿನ ಮೇಲೆ ಸೊಂಟ ಮುರಿಯಬೇಕಾಗಿಲ್ಲ ಎಂದು ಅವನ ಹೆಂಡತಿ ಲಿಲ್ಲಿಬಾಯಿ ನನಗೆ ಹಲಸಿನ ಹಪ್ಪಳದ ಕಟ್ಟು ಕಳುಹಿಸಿದರು. ಅದನ್ನು ನಾನು ತಿಂದೆ. ಗಾಡಿ ಮಾರುವ ಮೊದಲು ಅವನು ನನ್ನ ಹತ್ತಿರ ಬಂದು ಕೇಳಿದ್ದ, "ಸಂಜೀವ, ನಾನು ಇಳಿಯಬಹುದಲ್ಲಾ ಇದಕ್ಕೆ?" ಎಂದು. ನಾನು ಹೊಂಡದೊಳಗೆ ಇದ್ದೆ. ಮೇಲೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. "ನಿನ್ನ ಇಷ್ಟ ಮಾರಾಯ" ಎಂದೆ. ಈ ಮೂರು ಶಬ್ದಕ್ಕೆ ನಾನು ಇವತ್ತಿಗೂ ನಾಚುತ್ತೇನೆ.

ಕಾರ್ಕಳದಲ್ಲಿ ವಾಲ್ವ್ ಕೂರಿಸಿದವರು ಬೇರೆ ಮೆಕ್ಯಾನಿಕರು. ಅವರಿಗೆ ಲೋಕಯ್ಯ ಮೇಸ್ತ್ರಿಯ ಪಾಠ ಇರಲಿಲ್ಲ. ಹಾಗೆಯೇ ಕೂರಿಸಿ, ಸ್ಕ್ರೂ ಚೆನ್ನಾಗಿ ತೆರೆದು ಬಿಟ್ಟರು. ಕೆಲವು ಗಾಡಿಗಳಲ್ಲಿ ಏನೂ ಬದಲಾಗಲಿಲ್ಲ. ಕೆಲವು ಕೆಮ್ಮತೊಡಗಿದವು. ಕಾಪುವಿನ ಮೀನಿನ ವ್ಯಾಪಾರಿ ಸೋಮಣ್ಣ ತನ್ನ ಪೆಟ್ರೋಲ್ ವ್ಯಾನಿನಲ್ಲಿ ಕಾರ್ಕಳದ ಮಾರ್ಕೆಟ್ಟಿಗೆ ಮೀನು ತರುತ್ತಿದ್ದವನು, ವಾಲ್ವ್ ಹಾಕಿಸಿದ್ದೂ ಅಲ್ಲಿಯೇ. ಒಂದು ದಿನ ಬೆಳ್ಮಣ್ಣು ದಾಟಿದ ಮೇಲೆ ಏರಿನಲ್ಲಿ ಅವನ ಎಂಜಿನ್ ಸೋತಿತು. ಒಳಗಿನ ವಾಲ್ವ್ ಸುಟ್ಟಿತ್ತು. ಬಿಸಿಲಿಗೆ ಮಂಜುಗಡ್ಡೆ ಕರಗಿ ಇಡೀ ವ್ಯಾನಿನ ಬಂಗುಡೆ ಹಾಳಾಯಿತು. ಸುಟ್ಟ ವಾಲ್ವನ್ನು ಅವನು ಗ್ರೆಗರಿಯ ಮೇಜಿನ ಮೇಲೆ ಎಸೆದು, ಬಸ್ ನಿಲ್ದಾಣದವರೆಲ್ಲ ಕೇಳುವ ಹಾಗೆ "ಕಳ್ಳ" ಎಂದನಂತೆ. ಗ್ರೆಗರಿಗೆ ಆ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ.

ಅವನು ನನಗೆ ಹೇಳಿ ಕಳುಹಿಸಿದ. ಭಾನುವಾರ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆ. ಅಂಗಡಿಯ ಎದುರು ಹತ್ತಿಪ್ಪತ್ತು ಜನ ಸೇರಿದ್ದರು, ಸೋಮಣ್ಣನೂ ಇದ್ದ. ನಡುವೆ ಗ್ರೆಗರಿಯ ಹಳೆಯ ಅಂಬಾಸಿಡರ್ ನಿಂತಿತ್ತು. ಸಾಕ್ಷಿಗೆಂದು ಶಿರ್ವದಿಂದ ತರಿಸಿದ್ದ.

"ಇದು ಮೊಟ್ಟಮೊದಲು ವಾಲ್ವ್ ಹಾಕಿದ ಗಾಡಿ" ಎಂದು ಎಲ್ಲರಿಗೂ ಹೇಳಿದ. "ಎರಡು ವರ್ಷ ಆಯ್ತು, ಎಂತದೂ ಆಗಲಿಲ್ಲ. ಹಾಕಿದ್ದು ಇವನೇ, ಸಂಜೀವ ಮೇಸ್ತ್ರಿ. ತೊಂದರೆ ಇರುವುದು ಸಾಮಾನಿನಲ್ಲಿ ಅಲ್ಲ, ಹಾಕುವ ಕ್ರಮದಲ್ಲಿ. ಹೇಳು ಸಂಜೀವ. ಸ್ಕ್ರೂ ಎಷ್ಟು ತಿರುಗಿಸಬೇಕು ಅಂತ ಇವರಿಗೆ ತೋರಿಸು."

ಆಗ ನನ್ನ ಎದುರು ಎರಡು ದಾರಿ ಇತ್ತು. ಅವನನ್ನು ಬದಿಗೆ ಕರೆದು ಕಿವಿಯಲ್ಲಿ ಹೇಳಬಹುದಿತ್ತು. ಅವನೇ ಜನರಿಗೆ ತನ್ನ ಬಾಯಿಯಿಂದ ಹೇಳುತ್ತಿದ್ದ, ಅವನ ಮಾತು ಉಳಿಯುತ್ತಿತ್ತು. ನನಗೆ ಅಷ್ಟೂ ಹೊಳೆಯಲಿಲ್ಲ. ಎರಡು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಒಮ್ಮೆಲೇ ಹೊರಗೆ ಬಂತು. ಬಾನೆಟ್ ಎತ್ತಿ ಸ್ಕ್ರೂ ಡ್ರೈವರ್ ಇಟ್ಟೆ. ಬಲಕ್ಕೆ ತಿರುಗಿಸಿದರೆ ಅಲುಗಲಿಲ್ಲ.

"ಇದು ಮೊದಲ ದಿನದಿಂದ ಮುಚ್ಚಿಯೇ ಉಂಟು" ಎಂದೆ. "ಇದರಲ್ಲಿ ಗಾಳಿ ಹೋಗಲೇ ಇಲ್ಲ."

"ಯಾರು ಮುಚ್ಚಿದ್ದು?" ಗ್ರೆಗರಿ ಕೇಳಿದ.

"ನಾನು."

"ಎಂತಕ್ಕೆ?"

"ನಿನ್ನ ಎಂಜಿನ್ ಸುಡಬಾರದು ಅಂತ."

ಸೋಮಣ್ಣ ಮುಂದೆ ಬಂದು, "ಹಾಗಾದರೆ ನನ್ನ ಎಂಜಿನ್ ಸುಡಬಹುದಾ?" ಎಂದು ಕೇಳಿದ. ನನ್ನನ್ನು ಕೇಳಿದ್ದೋ ಗ್ರೆಗರಿಯನ್ನು ಕೇಳಿದ್ದೋ ತಿಳಿಯಲಿಲ್ಲ. ಗ್ರೆಗರಿ ಬಾನೆಟ್ಟನ್ನು ಮೆಲ್ಲನೆ ಇಳಿಸಿ ಮುಚ್ಚಿದ. "ಸೋಮಣ್ಣ, ಅವನಿಗೆ ಬೈಬೇಡಿ" ಎಂದ. "ಮಾರಿದ್ದು ನಾನು."

ನನ್ನ ಕಡೆಗೆ ಅವನು ನೋಡಲಿಲ್ಲ. ಬಸ್ಸಿನಲ್ಲಿ ಹಿಂದೆ ಬರುವಾಗ ನಿಜ ಹೇಳಿದೆನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಿರಿಯಡ್ಕ ಬರುವಷ್ಟರಲ್ಲಿ ಆ ಸಮಾಧಾನ ಮುಗಿದಿತ್ತು.

ಆಮೇಲಿನದನ್ನು ನಾನು ಬೇರೆಯವರ ಬಾಯಿಂದ ಕೇಳಿದ್ದು. ಗ್ರೆಗರಿ ಅಂಗಡಿಗೆ ಬೀಗ ಹಾಕಿ, ಚೀಲದಲ್ಲಿ ಎರಡು ಸ್ಪ್ಯಾನರ್ ಹಾಕಿಕೊಂಡು, ಯಾರು ಯಾರಿಗೆ ವಾಲ್ವ್ ಮಾರಿದ್ದನೋ ಅವರ ಮನೆಗೆ ಬಸ್ಸಿನಲ್ಲಿ ಹೋಗಿ ತೆಗೆಯತೊಡಗಿದ. ಕಾಪು, ಕಾರ್ಕಳ, ಬೈಲೂರು, ಮಣಿಪಾಲ. ಅಂಥ ಸೊಂಟ ಇಟ್ಟುಕೊಂಡು. ಬಾಗಿಲಲ್ಲಿ ನಿಂತು, "ನಾನು ತಪ್ಪು ಹೇಳಿದ್ದೆ, ಇದನ್ನು ತೆಗೆಯಲಿಕ್ಕೆ ಬಂದಿದ್ದೇನೆ" ಎನ್ನುತ್ತಿದ್ದನಂತೆ. ಮೊದಲು ಹೋದದ್ದು ಸೋಮಣ್ಣನ ಮನೆಗೆ. ಕೆಲವರು ಬೈದರು, ಕೆಲವರು ನೀರು ಬೆಲ್ಲ ಕೊಟ್ಟರು. ಎರಡನ್ನೂ ಒಂದೇ ರೀತಿ ತೆಗೆದುಕೊಂಡನಂತೆ.

ಕೆಲವು ತಿಂಗಳ ನಂತರ ಬೈಲೂರಿನ ಗಿರಾಕಿಯೊಬ್ಬರು ನನ್ನ ಶೆಡ್ಡಿಗೆ ಬಂದಾಗ, "ವಿಚಿತ್ರ ಮಾರಾಯ್ರೇ, ಆ ವಾಲ್ವ್ ತೆಗೆದ ಮೇಲೆ ಗಾಡಿಗೆ ಮೈಲೇಜ್ ಹೆಚ್ಚು ಉಂಟು" ಎಂದರು. ಬಾನೆಟ್ ಎತ್ತಿ ನೋಡಿದೆ. ಪ್ಲಗ್ಗುಗಳು ಹೊಸತರ ಹಾಗೆ ಹೊಳೆಯುತ್ತಿದ್ದವು. ಪಾಯಿಂಟ್ ಸರಿಯಾಗಿತ್ತು. ಹದಿನೈದು ವರ್ಷ ನನ್ನ ಪಕ್ಕದಲ್ಲಿ ನಿಂತು ನೋಡಿದ್ದನ್ನೆಲ್ಲ ಗ್ರೆಗರಿ ತಾನೇ ಮಾಡಿದ್ದ. ತೊಳೆಯದ ಪಾತ್ರೆಯನ್ನು ಹಾಗೆಯೇ ಬಿಟ್ಟು ಬರಲು ಅವನಿಂದಲೂ ಆಗಿರಲಿಲ್ಲ. ಆ ದಿನ ನಾನು ಹೊಂಡಕ್ಕಿಳಿದು ಸ್ವಲ್ಪ ಹೊತ್ತು ಅಲ್ಲೇ ಕುಳಿತೆ. ಅತ್ತುಬಿಟ್ಟೆ ಎಂದು ಬರೆಯಲು ಈಗ ನಾಚಿಕೆ ಇಲ್ಲ.

ಒಮ್ಮೆ ಶಿರ್ವಕ್ಕೆ ಹೊರಟು ಇಗರ್ಜಿಯ ತನಕ ಹೋದೆ. ಅಲ್ಲಿಂದ ಅವನ ಮನೆಗೆ ಐದು ನಿಮಿಷದ ದಾರಿ. ಹೋಗಿ ಏನು ಹೇಳುವುದೆಂದು ತಿಳಿಯದೆ, ಅಂಗಡಿಯಲ್ಲಿ ಸೋಡಾ ಕುಡಿದು ಹಿಂದೆ ಬಂದೆ. ಗ್ರೆಗರಿ ಮತ್ತೆ ಡ್ರೈವರನಾದ, ಈ ಸಲ ಬೇರೆಯವರ ಗಾಡಿಗೆ. ಬೆನ್ನಿಗೆ ದಿಂಬು ಇಟ್ಟುಕೊಂಡು ಮಣಿಪಾಲದ ಕಡೆಗೆ ಹೋಗುವುದನ್ನು ಕಲ್ಸಂಕದಲ್ಲಿ ಎಷ್ಟೋ ಸಲ ನೋಡಿದ್ದೇನೆ. ನನ್ನನ್ನು ಕಂಡರೆ ಸ್ಟೇರಿಂಗಿನಿಂದ ಕೈ ಎತ್ತುತ್ತಿದ್ದ. ಪರಿಚಯದ ಯಾರಿಗಾದರೂ ಎತ್ತುವ ಹಾಗೆ. ಗಾಡಿ ನಿಲ್ಲಿಸುತ್ತಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎಂಬತ್ತರ ದಶಕ ಮುಗಿಯುವ ಮೊದಲೇ ಅವನು ತೀರಿಕೊಂಡ. ಸಾವಿನ ಸುದ್ದಿ ನನಗೆ ತಡವಾಗಿ ಬಂತು. ಇಗರ್ಜಿಯಲ್ಲಿ ಅವನ ಆತ್ಮಕ್ಕಾಗಿ ಮಾಡುವ ತಿಂಗಳ ಪೂಜೆಯ ದಿನ ಶಿರ್ವಕ್ಕೆ ಹೋದೆ. ಅಂದು ಆ ಐದು ನಿಮಿಷದ ದಾರಿಯನ್ನು ನಡೆದೆ. ಲಿಲ್ಲಿಬಾಯಿ ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಮಡಿಲಲ್ಲಿ ಇಟ್ಟರು. ಡಬ್ಬದ ತುಂಬ ಹಿತ್ತಾಳೆ ವಾಲ್ವ್. ಊರೂರು ತಿರುಗಿ ಅವನು ಬಿಚ್ಚಿ ತಂದದ್ದು. ಒಂದೊಂದನ್ನೇ ಕೈಗೆತ್ತಿ ನೋಡಿದೆ. ಎಲ್ಲದರ ಸ್ಕ್ರೂವನ್ನೂ ತಿರುಗಿಸಿ, ಬಿಗಿಯಾಗಿ ಮುಚ್ಚಿಟ್ಟಿದ್ದ.

"ಬಾಯಮ್ಮ, ಅವನಿಗೆ ನನ್ನ ಮೇಲೆ ತುಂಬ ಸಿಟ್ಟಿತ್ತಾ?" ಎಂದು ಕೇಳಿದೆ. ಕೇಳಲು ಬೇರೆ ಯಾರೂ ಉಳಿದಿರಲಿಲ್ಲ.

ಅವರು ಡಬ್ಬದ ಮುಚ್ಚಳ ಹಾಕಿದರು.

"ಸಿಟ್ಟು ಅಂತ ಅಲ್ಲ ಮೇಸ್ತ್ರಿ. ಒಂದೇ ಮಾತು ಹೇಳ್ತಿದ್ದರು. 'ಮೈಲೇಜ್ ವಾಲ್ವಿನಿಂದ ಅಲ್ಲ ಅಂತ ಸಂಜೀವ ನನಗೆ ಒಂದು ಸಲ ಹೇಳಿದ್ದ, ನಗುತ್ತಾ ಹೇಳಿದ. ಇನ್ನೊಂದು ಸಲ ನಗದೆ ಹೇಳಿದ್ದರೆ ನಾನು ಕೇಳ್ತಿದ್ದೆ' ಅಂತ."